ಕ್ಯಾಶುವಾಲ್ಟಿಯಲ್ಲಿ ಜಾಗ ಯಾಕಿಲ್ಲ? ಜ್ವರ, ಭೇದಿಗೆ ಎಲ್ಲಿಗೆ ಹೋಗಬೇಕು?

ಕೆಮ್ಮು ನೆಗಡಿಯವರೆಲ್ಲ ಬಂದು ಕ್ಯಾಶುವಾಲ್ಟಿ ತುಂಬಿಸುತ್ತಾರೆ ಎಂದು ಆಸ್ಪತ್ರೆಯವರೂ ದೂರುತ್ತಾರೆ, ಕಾದು ಬೇಸತ್ತ ರೋಗಿಯ ಕಡೆಯವರೂ ದೂರುತ್ತಾರೆ. ಇದು ಅರ್ಧ ಮಾತ್ರ ನಿಜ. ತುರ್ತು ಚಿಕಿತ್ಸಾ ವಿಭಾಗದಲ್ಲಿ ದಾರಿ ಕಟ್ಟಿಕೊಳ್ಳುವುದು ಮುಖ್ಯವಾಗಿ ಹಿಂಬಾಗಿಲಲ್ಲಿ. ತಪಾಸಣೆ ಮುಗಿದಿರುತ್ತದೆ, ದಾಖಲು ಮಾಡಬೇಕೆಂದು ಡಾಕ್ಟರು ಬರೆದೂ ಆಗಿರುತ್ತದೆ, ಆದರೆ ವಾರ್ಡಿನಲ್ಲೋ ಐಸಿಯುನಲ್ಲೋ ಬೆಡ್ ಇರುವುದಿಲ್ಲ. ಆ ರೋಗಿ ಅದೇ ಟ್ರಾಲಿಯ ಮೇಲೆ ಉಳಿಯುತ್ತಾರೆ. ಒಬ್ಬೊಬ್ಬರಿಗೆ ಎರಡು ಗಂಟೆ ಸಾಕಾಗುವ ಟ್ರಾಲಿಯಲ್ಲಿ ಒಬ್ಬರೇ ಹನ್ನೆರಡು ಗಂಟೆ ಮಲಗಿದರೆ, ಇನ್ನೂ ಐವರಿಗೆ ಸಿಗಬೇಕಿದ್ದ ಜಾಗ ಹೋಯಿತು. ಗಂಟಲು ನೋವಿನವರನ್ನು ಬಾಗಿಲಲ್ಲೇ ತಡೆದರೂ ಆ ಟ್ರಾಲಿ ಖಾಲಿಯಾಗುವುದಿಲ್ಲ. ಆದ್ದರಿಂದ ರೋಗಿಗಳನ್ನು ಬೈಯುವ ಫಲಕಗಳಿಂದ ಪ್ರಯೋಜನವಿಲ್ಲ. ಸಂಜೆಯವರೆಗೆ ಎಳೆಯುವ ಡಿಸ್ಚಾರ್ಜನ್ನು ಬೆಳಗ್ಗೆಯೇ ಮುಗಿಸಿದರೆ ಪ್ರಯೋಜನವಿದೆ.

ಹಾಗಿದ್ದರೂ ಸಣ್ಣ ಕಾಯಿಲೆಗೆ ಕ್ಯಾಶುವಾಲ್ಟಿಗೆ ಹೋಗಬೇಡಿ ಎನ್ನುವುದಕ್ಕೆ ಗಟ್ಟಿ ಕಾರಣವಿದೆ: ಅಲ್ಲಿ ನಿಮಗೇ ಒಳ್ಳೆಯ ಚಿಕಿತ್ಸೆ ಸಿಗುವುದಿಲ್ಲ. ಅಲ್ಲಿ ಚೀಟಿ ಮಾಡಿಸಿದ ಸರದಿ ನಡೆಯುವುದಿಲ್ಲ. ಮೊದಲು ನಾಡಿ, ಬಿಪಿ, ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ಜ್ವರ, ಬೇಕಿದ್ದರೆ ಸಕ್ಕರೆ ನೋಡಿ ಕೆಂಪು (ತೀರಾ ತುರ್ತು), ಹಳದಿ, ಹಸಿರು (ಕಾಯಬಹುದಾದವರು) ಎಂದು ವಿಂಗಡಿಸುತ್ತಾರೆ. ಇದೇ ಟ್ರಯಾಜ್. ಹಸಿರಿನವರ ಮುಂದೆ ಕೆಂಪಿನವರು ಬರುತ್ತಲೇ ಇರುತ್ತಾರೆ. ನಡುರಾತ್ರಿ ನೋಡಿದ ಡಾಕ್ಟರು ನಾಳೆ ಅಲ್ಲಿರುವುದಿಲ್ಲ, ನಿಮ್ಮ ಹಳೆಯ ರಿಪೋರ್ಟೂ ಅವರ ಬಳಿ ಇಲ್ಲ. ಇನ್ನೊಂದು ಅಪಾಯವಿದೆ: ಹಸಿರು ಎಂದು ಕೂರಿಸಿದವರಿಗೂ ಕಾಯುವಾಗ ಕಾಯಿಲೆ ಉಲ್ಬಣಿಸಬಹುದು. ಏದುಸಿರು, ತಣ್ಣನೆ ಬೆವರು, ಮಾತು ತಡವರಿಸುವುದು, ಮಂಪರು ಕಂಡರೆ ಸಂಕೋಚವಿಲ್ಲದೆ ನರ್ಸ್ ಬಳಿ ಹೋಗಿ ಮತ್ತೊಮ್ಮೆ ಬಿಪಿ, ಆಮ್ಲಜನಕ ನೋಡಿ ಎಂದು ಕೇಳಿ.

ಜನ ಯಾಕೆ ಅಲ್ಲಿಗೇ ಬರುತ್ತಾರೆ ಎಂಬುದನ್ನೂ ಹೇಳಬೇಕು. 2022ರ ಡಿಸೆಂಬರಿನಲ್ಲಿ ಶುರುವಾದ, ರಾಜ್ಯ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಡಾಕ್ಟರು, ನರ್ಸ್, ಲ್ಯಾಬ್ ಟೆಕ್ನೀಷಿಯನ್ ಇದ್ದಾರೆ, ತಪಾಸಣೆ, ಸಾಮಾನ್ಯ ಪರೀಕ್ಷೆ, ಔಷಧ ಎಲ್ಲ ಉಚಿತ. ಆದರೆ ಅವುಗಳ ಮೂಲ ವೇಳೆ ಬೆಳಗ್ಗೆ 9ರಿಂದ ಸಂಜೆ 4.30. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿ ಮಗುವಿನ ಜ್ವರ ನೋಡುವುದೇ ಸಂಜೆ ಏಳರ ಮೇಲೆ. ಹಗಲಿನಲ್ಲಿ ಬಂದರೆ ಅವತ್ತಿನ ಕೂಲಿ ಹೋಗುತ್ತದೆ. ಪ್ರತಿ ವಾರ್ಡಿನಲ್ಲಿ ಒಂದಾದರೂ ಕ್ಲಿನಿಕ್ ರಾತ್ರಿ ಹತ್ತರವರೆಗೆ ತೆರೆದಿರಬೇಕೆಂಬುದು ನನ್ನ ಒತ್ತಾಯ. ಅಲ್ಲಿಯವರೆಗೆ ಕೈಗೆಟಕುವುದು ಹತ್ತಿರದ 24 ಗಂಟೆಯ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆ, ಮೊಬೈಲಿನಲ್ಲಿ ಡಾಕ್ಟರರ ಜತೆ ಮಾತಾಡಿಸಿ ಔಷಧ ಚೀಟಿ ಕೊಡುವ ಇ-ಸಂಜೀವಿನಿ. ಮನಸ್ಸಿನ ತಳಮಳ, ನಿದ್ದೆಗೇಡಿಗೆ 14416, ಟೆಲಿ ಮಾನಸ್, ಹಗಲು ರಾತ್ರಿ ಇದೆ.

ಮಕ್ಕಳ ಜ್ವರದಲ್ಲಿ ಹೆಚ್ಚಾಗಿ ಎಡವುವುದು ಪ್ಯಾರಾಸಿಟಮಾಲ್ ಅಳತೆಯಲ್ಲಿ. ಲೆಕ್ಕ ಮಗುವಿನ ತೂಕದ್ದು: ಕಿಲೋಗೆ 15 ಮಿ.ಗ್ರಾಂ., ಎರಡು ಡೋಸ್ ನಡುವೆ ಕನಿಷ್ಠ 4ರಿಂದ 6 ಗಂಟೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಹತ್ತು ಕಿಲೋ ಮಗುವಿಗೆ 150 ಮಿ.ಗ್ರಾಂ. ಬೇಕು. 5 ಮಿಲಿಯಲ್ಲಿ 125 ಇರುವ ಸಿರಪ್ ಆದರೆ 6 ಮಿಲಿ, 250 ಇರುವುದಾದರೆ 3 ಮಿಲಿ, ಮಿಲಿಗೆ 100 ಇರುವ ಡ್ರಾಪ್ಸ್ ಆದರೆ 1.5 ಮಿಲಿ. ಹಳೆಯ ಬಾಟಲಿ ಮುಗಿದು ಹೊಸದು ತಂದಾಗ ಲೇಬಲ್ ನೋಡದೆ ಅದೇ ಮುಚ್ಚಳದಲ್ಲಿ ಅಳೆದರೆ ಡೋಸ್ ಅರ್ಧವಾಗುತ್ತದೆ ಇಲ್ಲವೇ ಎರಡರಷ್ಟಾಗುತ್ತದೆ. ಅರ್ಧ ಕೊಟ್ಟವರು "ಔಷಧಿಗೆ ಜ್ವರ ಬಗ್ಗುತ್ತಿಲ್ಲ" ಎಂದು ರಾತ್ರಿ ಆಸ್ಪತ್ರೆಗೆ ಓಡುತ್ತಾರೆ, ಎರಡರಷ್ಟು ಕೊಟ್ಟರೆ ಯಕೃತ್ತಿಗೆ ಪೆಟ್ಟು. ಮೂರು ತಿಂಗಳಿಗಿಂತ ಚಿಕ್ಕ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಈ ಯಾವ ಲೆಕ್ಕವೂ ಬೇಡ, ಸೀದಾ ಆಸ್ಪತ್ರೆಗೆ. ಪಕ್ಕೆ ಒಳಗೆ ಸೆಳೆಯುವುದು, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು ಯಾವ ವಯಸ್ಸಿನ ಮಗುವಿನಲ್ಲಿ ಕಂಡರೂ ಹಾಗೆಯೇ.

ಭೇದಿಗೆ ಓಆರ್‌ಎಸ್ ಎಂಬುದು ಎಲ್ಲರಿಗೂ ಗೊತ್ತು, ಬೆರೆಸುವುದರಲ್ಲಿ ತಪ್ಪಾಗುತ್ತದೆ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೆ ಒಂದು ಚಮಚ ಎಂದು ಅಂದಾಜಿಗೆ ಹಾಕಿದರೆ ಲವಣ ಹೆಚ್ಚಾಗಿ ಮಗುವಿಗೆ ಕೆಡುಕಾಗುತ್ತದೆ. ಕಲಸಿದ್ದನ್ನು 24 ಗಂಟೆ ಮೀರಿ ಇಡಬೇಡಿ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನಕ್ಕೆ ಮತ್ತೆ ಶುರು ಮಾಡಿ. ಜತೆಗೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ. ಜಿಂಕ್, 14 ದಿನ. ಭೇದಿ ನಿಂತ ಕೂಡಲೇ ಜಿಂಕ್ ನಿಲ್ಲಿಸುವವರೇ ಹೆಚ್ಚು, ನಿಲ್ಲಿಸಬೇಡಿ.

ಮಳೆಗಾಲದ ಡೆಂಗಿ ಮನೆಮಂದಿಯನ್ನೆಲ್ಲ ಹೆದರಿಸುತ್ತದೆ. ಪ್ಲೇಟ್‌ಲೆಟ್ 90 ಸಾವಿರಕ್ಕೆ ಇಳಿಯಿತೆಂದು ಬೆಡ್ ಹುಡುಕಿಕೊಂಡು ಊರೆಲ್ಲ ಸುತ್ತುವವರಿದ್ದಾರೆ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10 ಸಾವಿರದ ಕೆಳಗೆ ಇಳಿದ ಮೇಲಷ್ಟೇ ಪ್ಲೇಟ್‌ಲೆಟ್ ಏರಿಸುವ ಮಾತು. ಕಣ್ಣಿಡಬೇಕಾದ್ದು ಬೇರೆ ಕಡೆ: ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡು ಮೂಗಿನಲ್ಲಿ ರಕ್ತ, ಆರು ಗಂಟೆಯಾದರೂ ಮೂತ್ರವಿಲ್ಲ, ವಿಪರೀತ ಸುಸ್ತು. ಇವು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ ಬರುತ್ತವೆ, ಮನೆಯವರು ಹುಷಾರಾಯಿತು ಎಂದು ನಿಟ್ಟುಸಿರು ಬಿಡುವ ದಿನಗಳಲ್ಲೇ. ಇವುಗಳಲ್ಲಿ ಒಂದಿದ್ದರೂ ತಕ್ಷಣ ದಾಖಲಾಗಿ. ಒಂದೂ ಇಲ್ಲದಿದ್ದರೆ ನೀರು, ಗಂಜಿ, ಪ್ಯಾರಾಸಿಟಮಾಲ್, ದಿನಕ್ಕೊಂದು ರಕ್ತಪರೀಕ್ಷೆ, ಎಲ್ಲವೂ ಕ್ಲಿನಿಕ್ಕಿನಲ್ಲೇ ಆಗುತ್ತದೆ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಬೇಡವೇ ಬೇಡ.

ನಾಯಿ ಕಚ್ಚಿದರೆ ಮೊದಲ ಚಿಕಿತ್ಸೆ ಮನೆಯ ನಲ್ಲಿಯಲ್ಲೇ: ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ರೇಬೀಸ್ ಲಸಿಕೆ ಅದೇ ದಿನ ಶುರುವಾಗಬೇಕು, ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಚರ್ಮಕ್ಕೆ ಕೊಡುವುದಾದರೆ 0, 3, 7, 28ನೇ ದಿನ. ಹಲ್ಲು ಇಳಿದು ರಕ್ತ ಬಂದಿದ್ದರೆ ಲಸಿಕೆಯ ಜತೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವೈರಸ್ಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಬೇಕು. ಅದು ಎಲ್ಲ ಕೇಂದ್ರಗಳಲ್ಲಿ ಇರುವುದಿಲ್ಲ. ಅದಿಲ್ಲವೆಂದು ಲಸಿಕೆ ತಡ ಮಾಡಬೇಡಿ, ಮೊದಲ ಡೋಸ್ ಹಾಕಿಸಿಕೊಂಡೇ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೊರಡಿ.

ಇನ್ನು ಕ್ಲಿನಿಕ್ಕು, ಫೋನು ಎಂದು ಹೊತ್ತು ಕಳೆಯಬಾರದ ಕಾಯಿಲೆಗಳು. ಎದೆ ಹಿಂಡಿದಂತಾಗಿ ಬೆವರಿದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಕಾಯಬೇಡಿ. ಜಿಲ್ಲೆಯಲ್ಲಿರುವವರು ಸೀದಾ ಬೆಂಗಳೂರಿಗೆ ಕಾರು ಓಡಿಸುವ ಬದಲು ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ಮಾಡಿ, ಹೃದಯಾಘಾತ ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಬಾಯಿ ಸೊಟ್ಟಗಾಗಿ ಕೈ ಸೋತರೆ ಅದು ಲಕ್ವದ (ಸ್ಟ್ರೋಕ್) ಸೂಚನೆ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯೇ ಬೇಕು. ಗಡ್ಡೆ ಕರಗಿಸುವ ಮದ್ದಿಗೆ ಇರುವುದು ನಾಲ್ಕೂವರೆ ಗಂಟೆ, ಆ ಗಡಿಯಾರ ಓಡತೊಡಗುವುದು ರೋಗಿ ಕೊನೆಯ ಬಾರಿ ಸರಿಯಾಗಿದ್ದ ಹೊತ್ತಿನಿಂದ. ಐದು ನಿಮಿಷ ಮೀರಿದ ಫಿಟ್ಸ್, ಹಾವು ಕಡಿತ, ಗರ್ಭಿಣಿಗೆ ರಕ್ತಸ್ರಾವ ಕೂಡ ಇದೇ ಸಾಲಿಗೆ.

108ಕ್ಕೆ ಕರೆ ಮಾಡಿದಾಗ ಮೊದಲು ಜಾಗ ಹೇಳಿ: ಊರು, ರಸ್ತೆ, ಎದುರಿಗಿರುವ ದೇವಸ್ಥಾನ ಅಥವಾ ಶಾಲೆ. ಆಮೇಲೆ ಉಸಿರಾಟ ಇದೆಯೇ, ಪ್ರಜ್ಞೆ ಇದೆಯೇ, ಎಷ್ಟು ಜನ. ಅವರು ಹೇಳುವವರೆಗೆ ಫೋನ್ ಇಡಬೇಡಿ. ಒಬ್ಬರು ರಸ್ತೆಗೆ ಬಂದು ನಿಲ್ಲಿ, ಇನ್ನೊಬ್ಬರು ರೋಗಿ ನುಂಗುವ ಎಲ್ಲ ಮಾತ್ರೆಗಳನ್ನೂ ಹಳೆಯ ಡಿಸ್ಚಾರ್ಜ್ ಸಮ್ಮರಿಯನ್ನೂ ಒಂದು ಚೀಲಕ್ಕೆ ಹಾಕಿಟ್ಟುಕೊಳ್ಳಿ. ಬೇರೆ ಆಸ್ಪತ್ರೆಗೆ ಕಳಿಸುತ್ತೇವೆ ಎಂದರೆ ಹೊರಡುವ ಮುನ್ನ ಎರಡು ಕೇಳಿ: ಅಲ್ಲಿ ಬೆಡ್ ಇದೆಯೆಂದು ಯಾರ ಜತೆ ಮಾತಾಡಿದಿರಿ, ಕೊಟ್ಟ ಚುಚ್ಚುಮದ್ದಿನ ಹೆಸರು ಮತ್ತು ವೇಳೆಯನ್ನು ಚೀಟಿಯಲ್ಲಿ ಬರೆದಿದ್ದೀರಾ.