ಗೆದ್ದಲಿನ ಕರುಳಲ್ಲಿ ಯಾವ ಕೂದಲು ಯಾರದು: ಹತ್ತು ವಾರಗಳ ದಾಖಲೆ

ಮೊದಲ ಮೂರು ವಾರ

ಗುರಿ ಒಂದೇ. ಒಂದೇ ಕೋಶದ ಜೀವಿಯೊಂದು ತನ್ನ ಮೈಯಲ್ಲಿ ಸಾಕಿಕೊಂಡಿರುವ ಬ್ಯಾಕ್ಟೀರಿಯಾಗಳನ್ನು ನಾನೇ ಕಣ್ಣಾರೆ ನೋಡಬೇಕು. ಓದಿದ್ದು ಬೇಕಾದಷ್ಟಾಗಿತ್ತು, ನೋಡಿದ್ದು ಏನೂ ಇರಲಿಲ್ಲ. ನನ್ನ ಹತ್ತಿರ ಇರುವುದು ಸಾಮಾನ್ಯ ಮೈಕ್ರೋಸ್ಕೋಪ್. 4, 10, 40 ಮತ್ತು 100 ಪಟ್ಟಿನ ಲೆನ್ಸ್‌ಗಳಿವೆ. ಫ್ಲೋರೊಸೆನ್ಸ್ ಇಲ್ಲ, ಫೇಸ್ ಕಾಂಟ್ರಾಸ್ಟ್ ಕೂಡ ಇಲ್ಲ.

ಶುರು ಮಾಡಿದ್ದು ಪ್ಯಾರಾಮೀಸಿಯಂ ಎಂಬ ಕೆರೆ ನೀರಿನ ಏಕಕೋಶ ಜೀವಿಯಿಂದ. ಕೆರೆ ನೀರಿಗೆ ಒಣಹುಲ್ಲು ಹಾಕಿ, ಬೇಯಿಸಿದ ಗೋಧಿ ಕಾಳು ಎರಡು ಬಿಟ್ಟರೆ ವಾರದಲ್ಲಿ ಚೆನ್ನಾಗಿ ಬೆಳೆಯುತ್ತವೆ. ನಾನು ಹುಡುಕುತ್ತಿದ್ದದ್ದು ಹೊಲೊಸ್ಪೊರಾ ಎಂಬ ಬ್ಯಾಕ್ಟೀರಿಯಾವನ್ನು. ಇದು ಪ್ಯಾರಾಮೀಸಿಯಂನ ಕೋಶಕೇಂದ್ರದ ಒಳಗೇ ಹೋಗಿ ಕೂರುತ್ತದೆ. ಆಗ ಕೇಂದ್ರ ಉಬ್ಬುತ್ತದೆ, ಒಳಗೆ ಕಡ್ಡಿ ಜೋಡಿಸಿಟ್ಟ ಹಾಗೆ ಕಾಣುತ್ತದೆ. ಇದನ್ನು 1890ರಲ್ಲಿ ಮೊದಲು ವಿವರಿಸಿದವರು ವಾಲ್ಡೆಮಾರ್ ಹಾಫ್ಕಿನ್. ಮುಂದೆ ಕಾಲರಾ ಮತ್ತು ಪ್ಲೇಗ್ ಲಸಿಕೆ ಮಾಡಿದ ಹಾಫ್ಕಿನ್ ಅವರೇ. ಅವರ ವಿಜ್ಞಾನದ ದಾರಿಯಲ್ಲಿ ಪ್ಯಾರಾಮೀಸಿಯಂ ಇಷ್ಟು ಮುಂಚೆ ಬಂದಿತ್ತು ಎಂದು ತಿಳಿದಾಗ ನನಗೆ ತುಂಬಾ ಖುಷಿಯಾಯಿತು.

ಮೂರು ವಾರದಲ್ಲಿ ಇನ್ನೂರಕ್ಕೂ ಜಾಸ್ತಿ ಪ್ಯಾರಾಮೀಸಿಯಂ ನೋಡಿದೆ. ಒಂದರಲ್ಲೂ ಉಬ್ಬಿದ ಕೇಂದ್ರ ಸಿಗಲಿಲ್ಲ. ಹೊರಗಿನ ನೀರಲ್ಲಿ ಹೊಲೊಸ್ಪೊರಾ ಸೇರಿದ ಪ್ಯಾರಾಮೀಸಿಯಂ ಸಿಗುವುದೇ ಅಪರೂಪ. ಅಪರೂಪದ ಅತಿಥಿಯನ್ನು ಹುಡುಕುವ ಬದಲು, ಪ್ರತಿ ಮನೆಯಲ್ಲೂ ಅತಿಥಿ ಇರುವ ಕಡೆಗೇ ಹೋಗಬಾರದೇಕೆ ಅನ್ನಿಸಿತು. ಅಂಥ ಕಡೆ ಎಂದರೆ ಗೆದ್ದಲಿನ ಕರುಳು. ಅಲ್ಲಿ ದೊಡ್ಡ ಏಕಕೋಶ ಜೀವಿಗಳು ಇರುತ್ತವೆ, ಅವುಗಳ ಮೈಮೇಲೂ ಒಳಗೂ ಬ್ಯಾಕ್ಟೀರಿಯಾ.

ನಾಲ್ಕನೇ ವಾರ

ಮರದ ಬೊಡ್ಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿದ್ದ ಗೆದ್ದಲುಗಳನ್ನು ತಂದೆ. ಎಂಟು ಗೆದ್ದಲು, ಎಂಟು ಸ್ಲೈಡ್. ಬ್ಯಾಕ್ಟೀರಿಯಾ ರಾಶಿ ರಾಶಿ ಇತ್ತು, ದೊಡ್ಡ ಏಕಕೋಶ ಜೀವಿ ಒಂದೂ ಇಲ್ಲ. ನಾನು ಸ್ಲೈಡ್ ಮಾಡುವ ರೀತಿಯೇ ತಪ್ಪಿರಬೇಕು ಎಂದುಕೊಂಡು ಎರಡು ದಿನ ಉಪ್ಪುನೀರಿನ ಪ್ರಮಾಣ ಬದಲಿಸುತ್ತಾ ಕಳೆದೆ. ತಪ್ಪಿದ್ದು ಗೆದ್ದಲಿನ ಆಯ್ಕೆಯಲ್ಲಿ. ಹುತ್ತ ಕಟ್ಟಿ ಒಳಗೆ ಅಣಬೆ ಬೆಳೆಸುವ ಗೆದ್ದಲುಗಳು ಟರ್ಮಿಟಿಡೆ ಎಂಬ ಕುಟುಂಬಕ್ಕೆ ಸೇರಿದವು. ಗೆದ್ದಲಿನ ಜಾತಿಗಳಲ್ಲಿ ಹೆಚ್ಚಿನವು ಈ ಕುಟುಂಬದವೇ. ಇವುಗಳ ಪೂರ್ವಜರು ಕರುಳಿನ ಏಕಕೋಶ ಜೀವಿಗಳನ್ನು ಯಾವತ್ತೋ ಕಳೆದುಕೊಂಡಿದ್ದಾರೆ. ನನಗೆ ಬೇಕಾದದ್ದು ಹಳೇ ಬಗೆಯ ಗೆದ್ದಲು. ಅಂದರೆ ಒಣಮರದೊಳಗೇ ಗೂಡು ಮಾಡುವಂಥದ್ದು.

ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ಇದನ್ನು ಮೊದಲೇ ತಿಳಿದುಕೊಳ್ಳಿ. ಒಂದು ವಾರ ಉಳಿಯುತ್ತದೆ.

ಐದನೇ ವಾರ

ಒಣಮರದ ಗೆದ್ದಲನ್ನು ಅದರ ಹಿಕ್ಕೆಯಿಂದಲೇ ಪತ್ತೆ ಮಾಡಬಹುದು. ಹಳೆಯ ಮರದ ಚೌಕಟ್ಟಿನ ಕೆಳಗೆ ಮರಳಿನ ಹಾಗೆ ಸಣ್ಣ ಗುಪ್ಪೆ ಬಿದ್ದಿತ್ತು. ಸ್ವಲ್ಪ ತೆಗೆದು 10ರ ಲೆನ್ಸಿನಲ್ಲಿ ನೋಡಿದೆ. ಪ್ರತಿ ಕಾಳಿಗೂ ಆರು ಮುಖ, ಒಂದೊಂದು ಮುಖವೂ ಸ್ವಲ್ಪ ಒಳಕ್ಕೆ ಬಾಗಿದೆ. ಗೆದ್ದಲು ತನ್ನ ಹಿಕ್ಕೆಯಿಂದ ನೀರನ್ನೆಲ್ಲ ಹಿಂಡಿ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಹಿಂಡಿದ ಗುರುತೇ ಆ ಆರು ಮುಖಗಳು. ಮರವನ್ನು ಸೀಳಿದಾಗ ಒಳಗೆ ಮೂವತ್ತರಷ್ಟು ಗೆದ್ದಲುಗಳು ಸಿಕ್ಕವು. ಮೊಂಡು ತಲೆಯ ಸೈನಿಕ ಕೂಡ ಒಂದಿತ್ತು. ಇದು ತಲೆಯನ್ನೇ ಬಿರಡೆ ಮಾಡಿ ಸುರಂಗದ ಬಾಯಿ ಮುಚ್ಚುತ್ತದೆ. ಎಲ್ಲವನ್ನೂ ಅದೇ ಮರದ ಚೂರಿನ ಜೊತೆ ಡಬ್ಬಿಗೆ ಹಾಕಿಟ್ಟೆ.

ಕರುಳು ತೆಗೆಯುವುದು ಹೆಸರಿಗಷ್ಟೇ ಭಯಂಕರ. ಒಂದು ಚಿಮಟದಲ್ಲಿ ತಲೆ ಹಿಡಿದು, ಇನ್ನೊಂದರಲ್ಲಿ ಹೊಟ್ಟೆಯ ತುದಿ ಹಿಡಿದು ಮೆಲ್ಲಗೆ ಎಳೆದರೆ ಕರುಳು ದಾರದ ಹಾಗೆ ಹೊರಬರುತ್ತದೆ. ಅದರಲ್ಲಿ ಒಂದು ಕಡೆ ದಪ್ಪ ಚೀಲ, ಮರದ ಹೊಟ್ಟಿನ ಬಣ್ಣ. ಅದನ್ನು ಶೇಕಡಾ 0.6ರ ಉಪ್ಪುನೀರಿನ ಹನಿಯಲ್ಲಿಟ್ಟು ಸೂಜಿಯಿಂದ ಚುಚ್ಚಿದೆ. ಕಂದು ಬಣ್ಣದ ಮೋಡ ಹರಡಿತು. ಕವರ್ ಸ್ಲಿಪ್ ಇಟ್ಟೆ.

10ರ ಲೆನ್ಸಿನಲ್ಲೇ ಉಸಿರು ನಿಂತ ಹಾಗಾಯಿತು. ನೀರಿಗಿಂತ ಜೀವಿಗಳೇ ಜಾಸ್ತಿ. ಒಂದರ ಮೇಲೊಂದು ಉರುಳುತ್ತಿವೆ, ತಿರುಗುತ್ತಿವೆ, ನೂಕುತ್ತಿವೆ. ಅಗಲವಾದ ಸೋರೆಬೀಜದ ಆಕಾರದವು ಕೆಲವು, ಹಿಂದೆ ಬಾಲದ ಹಾಗೆ ಒಂದು ದಪ್ಪ ಎಳೆ ಬಿಟ್ಟುಕೊಂಡವು ಕೆಲವು. ಬಾಲ ಇರುವವು ಡೆವೆಸ್ಕೊವಿನಾ ಗುಂಪಿನವು ಎಂದು ಆಕಾರದಿಂದ ಗುರುತಿಸಿದೆ. ಒಳಗೆಲ್ಲ ಮರದ ಚೂರು ತುಂಬಿಕೊಂಡಿದೆ.

ಐದೇ ನಿಮಿಷ. ಆಮೇಲೆ ಒಂದೊಂದೇ ಗುಂಡಗಾಗಿ ನಿಂತುಹೋದವು. ಆಮ್ಲಜನಕ ಇವಕ್ಕೆ ವಿಷ. ಮುಂದಿನ ಸ್ಲೈಡಿನಿಂದ ಕವರ್ ಸ್ಲಿಪ್ಪಿನ ಅಂಚಿಗೆ ವ್ಯಾಸಲೀನ್ ಬಳಿದೆ, ಹನಿಯನ್ನೂ ದಪ್ಪಗೆ ಬಿಟ್ಟೆ. ಅರ್ಧ ಗಂಟೆಯವರೆಗೆ ಬದುಕಿದವು.

ಆರನೇ ವಾರ

ಈಗ ನಿಜವಾದ ಪ್ರಶ್ನೆ. ಈ ಜೀವಿಗಳ ಮೈಮೇಲೆ ಅಲುಗಾಡುವ ಎಳೆಗಳಲ್ಲಿ ಅದರ ಸ್ವಂತದ್ದು ಯಾವುದು, ಅಂಟಿಕೊಂಡ ಬ್ಯಾಕ್ಟೀರಿಯಾ ಯಾವುದು?

ಪ್ರಶ್ನೆ ಸುಲಭದ್ದಲ್ಲ. 1933ರಲ್ಲಿ ಜೀನ್ ಸದರ್ಲ್ಯಾಂಡ್ ಎಂಬ ವಿಜ್ಞಾನಿ ಆಸ್ಟ್ರೇಲಿಯಾದ ಡಾರ್ವಿನ್ ಗೆದ್ದಲಿನ ಕರುಳಲ್ಲಿ ಒಂದು ವಿಚಿತ್ರ ಜೀವಿಯನ್ನು ಕಂಡರು. ಅರ್ಧ ಮಿಲಿಮೀಟರಿನಷ್ಟು ಉದ್ದ. ಮುಂದೆ ಚಾಟಿಯಂಥ ನಾಲ್ಕು ಎಳೆ, ಮೈತುಂಬಾ ಸಣ್ಣ ರೋಮ. ಎರಡೂ ಒಟ್ಟಿಗೇ ಇರುವ ಜೀವಿ ಎಲ್ಲೂ ಸಿಕ್ಕಿರಲಿಲ್ಲ. ಹಾಗಾಗಿ ಮಿಕ್ಸೊಟ್ರಿಕಾ ಪ್ಯಾರಡಾಕ್ಸಾ ಎಂದು ಹೆಸರಿಟ್ಟರು. ಬೆರಕೆ ಕೂದಲಿನ ಒಗಟು ಎಂದ ಹಾಗೆ. 1964ರಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ಗ್ರಿಮ್‌ಸ್ಟೋನ್ ಎಂಬ ವಿಜ್ಞಾನಿಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಒಗಟು ಬಿಡಿಸಿಕೊಂಡಿತು. ಆ ರೋಮಗಳು ರೋಮಗಳೇ ಅಲ್ಲ. ಸ್ಪೈರೋಕೀಟ್ ಎಂಬ ಸುರುಳಿ ಬ್ಯಾಕ್ಟೀರಿಯಾಗಳು. ಒಂದು ಮಿಕ್ಸೊಟ್ರಿಕಾ ಮೇಲೆ ಸುಮಾರು ಎರಡೂವರೆ ಲಕ್ಷ. ಇವೆಲ್ಲ ಒಂದೇ ತಾಳಕ್ಕೆ ಬಳುಕಿ ಆ ದೊಡ್ಡ ಜೀವಿಯನ್ನು ಮುಂದಕ್ಕೆ ಒಯ್ಯುತ್ತವೆ. ಅದರ ಸ್ವಂತದ ನಾಲ್ಕು ಎಳೆ ದಿಕ್ಕು ತಿರುಗಿಸಲು ಮಾತ್ರ.

ನನ್ನ ಗೆದ್ದಲಿಗೆ ಹತ್ತಿರದ ಇನ್ನೊಂದು ಉದಾಹರಣೆ ಇದೆ. ಕ್ರಿಪ್ಟೊಟರ್ಮಿಸ್ ಎಂಬ ಒಣಮರದ ಗೆದ್ದಲಿನಲ್ಲಿ ಕ್ಯಾಡುಸಿಯಾ ಎಂಬ ಜೀವಿ ಸಿಗುತ್ತದೆ. ಅದರ ಮೈಮೇಲೆ ಸಾವಿರಾರು ಕಡ್ಡಿ ಬ್ಯಾಕ್ಟೀರಿಯಾ ಸಾಲಾಗಿ ಕೂತಿವೆ. 1982ರಲ್ಲಿ ಸಿಡ್ನಿ ಟ್ಯಾಮ್ ಎಂಬ ವಿಜ್ಞಾನಿ ಆ ಬ್ಯಾಕ್ಟೀರಿಯಾಗಳ ಎಳೆಗಳೇ ಅದನ್ನು ಜಾರಿಸಿಕೊಂಡು ಹೋಗುತ್ತವೆ ಎಂದು ತೋರಿಸಿದರು. ದೋಣಿಗೆ ಹುಟ್ಟು ಹಾಕುವವರೆಲ್ಲ ಹೊರಗೇ ಅಂಟಿಕೊಂಡ ಹಾಗೆ, ಅಲ್ವಾ?

ಸಾಮಾನ್ಯ ಬೆಳಕಿನಲ್ಲಿ ಸ್ಪೈರೋಕೀಟ್ ನೋಡುವುದು ಕಷ್ಟ, ತುಂಬಾ ತೆಳು. ಕಪ್ಪು ಕಾಗದದ ಸಣ್ಣ ವೃತ್ತ ಕತ್ತರಿಸಿ, ಸ್ಲೈಡಿಗೆ ಬೆಳಕು ಕೂಡಿಸುವ ಕಂಡೆನ್ಸರಿನ ಕೆಳಗೆ ಸರಿಯಾಗಿ ಮಧ್ಯಕ್ಕೆ ಇಟ್ಟೆ. ನೇರ ಬೆಳಕು ನಿಂತು ಅಂಚಿನ ಬೆಳಕು ಮಾತ್ರ ಬರುತ್ತದೆ. ಹಿನ್ನೆಲೆ ಕಪ್ಪು, ಜೀವಿ ಬೆಳ್ಳಗೆ. 40ರ ಲೆನ್ಸಿನವರೆಗೂ ಚೆನ್ನಾಗಿ ಕೆಲಸ ಮಾಡಿತು. ವೃತ್ತದ ಅಳತೆ ಸರಿಹೋಗಲು ಆರು ಸಲ ಕತ್ತರಿಸಬೇಕಾಯಿತು.

ಆ ರಾತ್ರಿ ಕಂಡದ್ದನ್ನು ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ. ಒಂದು ಡೆವೆಸ್ಕೊವಿನಾ ಸ್ಲೈಡಿನ ಅಂಚಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮುಂದಿನ ಮೂರು ಎಳೆ ಬಡಿಯುತ್ತಿದ್ದವು. ಹಿಂಭಾಗದಲ್ಲಿ ಹತ್ತು ಹನ್ನೆರಡು ತೆಳು ಎಳೆಗಳು ಹಾವಿನ ಹಾಗೆ ಬಳುಕುತ್ತಿದ್ದವು. ನೋಡನೋಡುತ್ತಾ ಮುಂದಿನ ಎಳೆಗಳ ಬಡಿತ ನಿಧಾನವಾಯಿತು. ನಿಂತೇಹೋಯಿತು. ಜೀವಿ ಉಬ್ಬಿ ಗುಂಡಗಾಯಿತು. ಆದರೆ ಹಿಂದಿನ ಎಳೆಗಳು ನಿಲ್ಲಲಿಲ್ಲ! ಅದೇ ಬಳುಕಾಟ. ಎರಡು ನಿಮಿಷ ಹಾಗೇ ನೋಡುತ್ತಾ ಕೂತೆ. ಅವುಗಳಲ್ಲಿ ಒಂದು ಕಿತ್ತುಕೊಂಡು, ಸುರುಳಿ ಸುರುಳಿಯಾಗಿ ಈಜಿ, ಬೆಳಕಿನ ವೃತ್ತದಿಂದ ಆಚೆ ಹೋಯಿತು.

ಯಾವುದು ಯಾರದು ಎನ್ನುವುದಕ್ಕೆ ನನಗೆ ಅಷ್ಟು ಸಾಕಾಗಿತ್ತು. ಮುಂದಿನ ಮೂರು ಅದರದ್ದು. ಹಿಂದಿನ ತೆಳು ಎಳೆಗಳು ಸ್ಪೈರೋಕೀಟ್. ಫೋನನ್ನು ಐಪೀಸಿಗೆ ಹಿಡಿದು ಸೆಕೆಂಡಿಗೆ 240 ಚಿತ್ರದ ವೇಗದಲ್ಲಿ ತೆಗೆದ ವಿಡಿಯೊ ಇದೆ. ಈಗಲೂ ದಿನಕ್ಕೊಮ್ಮೆ ನೋಡುತ್ತೇನೆ.

ಏಳನೇ ವಾರ

ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ, ಎಣ್ಣೆ ಹಚ್ಚಿ 100ರ ಲೆನ್ಸಿನಲ್ಲಿ ನೋಡಿದೆ. ಕೆಲವು ಜೀವಿಗಳ ಮೈಮೇಲೆ ತೆಳು ನೀಲಿ ಗೆರೆಗಳು, ಬಾಚಿದ ಕೂದಲಿನ ಹಾಗೆ ಒಂದೇ ದಿಕ್ಕಿಗೆ. ಅವು ಮಲಗಿರುವ ಕಡ್ಡಿ ಬ್ಯಾಕ್ಟೀರಿಯಾಗಳು. ಒಡೆದ ಒಂದು ಕೋಶದ ಪಕ್ಕದಲ್ಲಿ ಅವೇ ಕಡ್ಡಿಗಳು ಬಿಡಿಬಿಡಿಯಾಗಿ ಬಿದ್ದಿದ್ದವು.

ಒಳಗಿರುವ ಬ್ಯಾಕ್ಟೀರಿಯಾಗಳನ್ನು ಮಾತ್ರ ಈ ಮೈಕ್ರೋಸ್ಕೋಪಿನಲ್ಲಿ ಖಚಿತವಾಗಿ ಗುರುತಿಸಲು ಆಗಲಿಲ್ಲ. ನೀಲಿ ಚುಕ್ಕೆ ಎಲ್ಲ ಕಡೆ ಇರುತ್ತದೆ. ಆದರೆ ಅವು ಯಾಕೆ ಬೇಕು ಎನ್ನುವುದನ್ನು ಬೇರೆ ದಾರಿಯಿಂದ ನೋಡಿದೆ. ಎರಡು ಪೋಲರಾಯ್ಡ್ ಹಾಳೆ ತೆಗೆದುಕೊಂಡು, ಒಂದನ್ನು ದೀಪದ ಮೇಲೆ, ಇನ್ನೊಂದನ್ನು ಐಪೀಸಿನ ಮೇಲೆ ಅಡ್ಡಡ್ಡ ಇಟ್ಟೆ. ಎಲ್ಲ ಕಪ್ಪಾಯಿತು. ಜೀವಿಗಳ ಹೊಟ್ಟೆಯೊಳಗಿನ ಮರದ ಚೂರುಗಳು ಮಾತ್ರ ನಕ್ಷತ್ರದ ಹಾಗೆ ಹೊಳೆದವು. ಮರದಲ್ಲಿರುವ ಸೆಲ್ಯುಲೋಸ್ ಬೆಳಕನ್ನು ತಿರುಗಿಸುವುದರಿಂದ ಹಾಗಾಗುತ್ತದೆ.

ಅಂದರೆ ಇವುಗಳ ಊಟ ಬರೀ ಮರ. ಮರದಲ್ಲಿ ಶಕ್ತಿ ಇದೆ, ಸಾರಜನಕ ತೀರಾ ಕಮ್ಮಿ. ಸಾರಜನಕ ಇಲ್ಲದೆ ಪ್ರೊಟೀನ್ ಇಲ್ಲ. ಈ ಕೊರತೆಯನ್ನು ತುಂಬುವವರೇ ಒಳಗಿನ ಬ್ಯಾಕ್ಟೀರಿಯಾ. 2008ರಲ್ಲಿ ಜಪಾನಿನ ವಿಜ್ಞಾನಿಗಳು ಎರಡು ಇಂಥ ಬ್ಯಾಕ್ಟೀರಿಯಾಗಳ ಜೀನೋಮ್ ಓದಿದರು. ಒಂದು ಗೆದ್ದಲಿನ ಕರುಳಿನ ಟ್ರೈಕೋನಿಂಫಾ ಎಂಬ ಏಕಕೋಶ ಜೀವಿಯೊಳಗಿನದು, ಅದು ಅಮೈನೋ ಆಮ್ಲಗಳನ್ನು ತಯಾರಿಸುತ್ತದೆ. ಇನ್ನೊಂದು ಅಂಥದ್ದೇ ಸ್ಯೂಡೋಟ್ರೈಕೋನಿಂಫಾ ಒಳಗಿನದು, ಅದು ಗಾಳಿಯ ಸಾರಜನಕವನ್ನೇ ಹಿಡಿದುಕೊಡುತ್ತದೆ. ಒಂದು ಸ್ಯೂಡೋಟ್ರೈಕೋನಿಂಫಾ ಕೋಶದೊಳಗೆ ಅವು ಸುಮಾರು ಒಂದು ಲಕ್ಷ ಇರುತ್ತವೆ. ಮರವನ್ನು ಕಚ್ಚುವುದು ಗೆದ್ದಲು, ಕರಗಿಸುವುದು ಅದರ ಕರುಳಿನ ಏಕಕೋಶ ಜೀವಿ, ಸಾರಜನಕ ಕೊಡುವುದು ಆ ಜೀವಿಯೊಳಗಿನ ಬ್ಯಾಕ್ಟೀರಿಯಾ. ಕರಗಿದ ಮರದಿಂದ ಬಂದ ಅಸಿಟೇಟ್ ಎಂಬ ಸಣ್ಣ ಅಣುವಿನ ಮೇಲೆ ಗೆದ್ದಲು ಬದುಕುತ್ತದೆ. ಒಂದರೊಳಗೊಂದು ಮೂರು ಮನೆ. ಇಷ್ಟು ಸಣ್ಣ ಹುಳದೊಳಗೆ ಇದು ನಡೆಯುತ್ತಿದೆ ಎಂದು ಯೋಚಿಸಿದಾಗ ಡಬ್ಬಿಯನ್ನು ಮುಟ್ಟುವ ಕೈಯೂ ಮೆತ್ತಗಾಗುತ್ತದೆ.

ಮಧ್ಯದ ಮನೆಯನ್ನು ತೆಗೆದರೆ ಏನಾಗುತ್ತದೆ ಎಂದು ಕ್ಲೀವ್‌ಲ್ಯಾಂಡ್ 1920ರ ದಶಕದಲ್ಲೇ ನೋಡಿದ್ದರು. ಗೆದ್ದಲು ತಡೆಯುವಷ್ಟು, ಆದರೆ ಏಕಕೋಶ ಜೀವಿ ಸಾಯುವಷ್ಟು ಬಿಸಿ ಕೊಟ್ಟರು. ಆ ಗೆದ್ದಲುಗಳು ಮರ ತಿನ್ನುತ್ತಲೇ ಇದ್ದವು, ಆದರೂ ಹಸಿವಿನಿಂದ ಸತ್ತವು.

ಎಂಟನೇ ವಾರ

ಒಂದು ಸ್ಲೈಡ್ ಪೂರ್ತಿ ಖಾಲಿ ಬಂತು. ಅದೇ ಡಬ್ಬಿ, ಅದೇ ಮರ, ಅದೇ ಉಪ್ಪುನೀರು. ಡಬ್ಬಿಯ ಎಲ್ಲ ಗೆದ್ದಲುಗಳೂ ಹೀಗಾಗಿಬಿಟ್ಟವೇನೋ ಎಂದು ಬೇಜಾರಾಯಿತು. ಪಕ್ಕದ ಇನ್ನೊಂದನ್ನು ನೋಡಿದೆ. ಅದರಲ್ಲಿ ಎಂದಿನಂತೆ ತುಂಬಿ ತುಳುಕುತ್ತಿತ್ತು. ಆಗ ನೆನಪಾಯಿತು. ಖಾಲಿ ಬಂದ ಗೆದ್ದಲು ಬಾಕಿಯವಕ್ಕಿಂತ ಬೆಳ್ಳಗಿತ್ತು, ಚಿಮಟಕ್ಕೆ ತುಂಬಾ ಮೆತ್ತಗೆ ಸಿಕ್ಕಿತ್ತು. ಅದು ಆಗಷ್ಟೇ ಪೊರೆ ಬಿಟ್ಟಿತ್ತು.

ಪೊರೆ ಬಿಡುವಾಗ ಈ ಬಗೆಯ ಗೆದ್ದಲುಗಳು ಕರುಳಿನ ಹಿಂಭಾಗದ ಒಳಪದರವನ್ನೂ ಕಳಚುತ್ತವೆ. ಏಕಕೋಶ ಜೀವಿಗಳೆಲ್ಲ ಹೋಗಿಬಿಡುತ್ತವೆ. ಮತ್ತೆ ಪಡೆಯಬೇಕೆಂದರೆ ಗೂಡಿನ ಇನ್ನೊಂದು ಗೆದ್ದಲಿನ ಹಿಂಬದಿಯಿಂದ ಬರುವ ದ್ರವವನ್ನು ಕುಡಿಯಬೇಕು. ಒಂಟಿ ಗೆದ್ದಲಿಗೆ ಇದು ಸಾಧ್ಯವೇ ಇಲ್ಲ.

ಒಣಮರದ ಗೆದ್ದಲುಗಳಲ್ಲಿ ಬೆಳೆಯುತ್ತಿರುವ ಮರಿಗಳೇ ಕೆಲಸ ಮಾಡುತ್ತವೆ. ಹಾಗಾಗಿ ಪೊರೆ ಬಿಡುವವು ಆಗಾಗ ಸಿಗುತ್ತಲೇ ಇರುತ್ತವೆ. ದಿನಕ್ಕೆರಡು ಸಲ ಡಬ್ಬಿ ನೋಡತೊಡಗಿದೆ.

ಒಂಬತ್ತು, ಹತ್ತನೇ ವಾರ

ಎರಡು ದಿನದ ಅಂತರದಲ್ಲಿ ಪೊರೆ ಬಿಟ್ಟ ಎರಡು ಸಿಕ್ಕವು. ಒಂದನ್ನು ಬೇರೆ ಸಣ್ಣ ಡಬ್ಬಿಯಲ್ಲಿ ಒಂಟಿಯಾಗಿ, ಒದ್ದೆ ಫಿಲ್ಟರ್ ಪೇಪರ್ ಮತ್ತು ಮರದ ಚೂರಿನ ಜೊತೆ ಇಟ್ಟೆ. ಇನ್ನೊಂದರ ಬೆನ್ನಿಗೆ ಬಣ್ಣದ ಚುಕ್ಕೆ ಇಟ್ಟು ಗೂಡಿನ ಆರು ಗೆದ್ದಲುಗಳ ಜೊತೆ ಬಿಟ್ಟೆ. ಅದು ಇನ್ನೊಂದರ ಹಿಂದೆ ಹೋಗಿ ಮೀಸೆಯಿಂದ ತಟ್ಟಿ ತಟ್ಟಿ ಕೇಳುವುದನ್ನು ಎರಡು ಸಲ ನೋಡಿದೆ. ಆ ಇನ್ನೊಂದು ಅಲ್ಲಾಡದೆ ನಿಂತುಕೊಂಡಿತು.

ಎರಡಕ್ಕೂ ಏಳು ದಿನ ಕೊಟ್ಟೆ. ಎಂಟನೇ ದಿನ ಸ್ಲೈಡ್ ಮಾಡಿದೆ. ಒಂಟಿಯಾಗಿದ್ದದ್ದು ಮರ ಕಚ್ಚಿತ್ತು, ಕರುಳಿನಲ್ಲಿ ಚೂರುಗಳು ಕಂಡವು. ಪೋಲರಾಯ್ಡ್ ಇಟ್ಟಾಗ ಹೊಳೆದವು ಕೂಡ, ಆದರೆ ಬಿಡಿಬಿಡಿಯಾಗಿ. ಅವುಗಳನ್ನು ನುಂಗಲು ಯಾರೂ ಇರಲಿಲ್ಲ. ಚುಕ್ಕೆ ಇಟ್ಟ ಗೆದ್ದಲಿನಲ್ಲಿ ಡೆವೆಸ್ಕೊವಿನಾ ಬಂದಿದ್ದವು. ಎಂದಿನ ಗದ್ದಲ ಇನ್ನೂ ಇಲ್ಲ. 40ರ ಲೆನ್ಸಿನ ಒಂದು ನೋಟಕ್ಕೆ ನಾಲ್ಕೋ ಐದೋ. ಕಪ್ಪು ವೃತ್ತ ಇಟ್ಟು ಅವುಗಳ ಹಿಂಭಾಗ ನೋಡಿದೆ. ಸ್ಪೈರೋಕೀಟ್‌ಗಳೂ ಜೊತೆಗೇ ಬಂದಿದ್ದವು, ಅದೇ ಜಾಗದಲ್ಲಿ ಬಳುಕುತ್ತಿದ್ದವು.

ಒಂದೊಂದೇ ಗೆದ್ದಲು ನೋಡಿ ಜಾಸ್ತಿ ಹೇಳುವ ಹಾಗಿಲ್ಲ. ಇನ್ನೂ ಐದೈದು ಜೊತೆ ಬೇಕು. ಇವತ್ತು ಬೆಳಿಗ್ಗೆ ನೋಡಿದಾಗ ಡಬ್ಬಿಯ ಮೂಲೆಯಲ್ಲಿ ಒಂದು ಗೆದ್ದಲು ತಿನ್ನುವುದನ್ನು ಬಿಟ್ಟು ಸುಮ್ನೆ ನಿಂತಿತ್ತು. ಹೊಟ್ಟೆ ಬೆಳ್ಳಗಾಗಿದೆ. ಪೊರೆ ಬಿಡಲು ಹೆಚ್ಚು ದಿನ ಇಲ್ಲ ಅನ್ನಿಸುತ್ತದೆ. ಬಣ್ಣದ ಬಾಟಲಿ ತೆಗೆದಿಟ್ಟಿದ್ದೇನೆ.