ಹಾರದೇ ಉಳಿದ ಮೆಸ್ಸರ್‌ಶ್ಮಿಟ್ ಪಿ 1101

ಎರಡನೆಯ ಮಹಾಯುದ್ಧದ ಜರ್ಮನ್ ವಿಮಾನಗಳ ಪೈಕಿ ನನ್ನನ್ನು ಹೆಚ್ಚು ಸೆಳೆದಿರುವುದು ಒಮ್ಮೆಯೂ ಆಕಾಶಕ್ಕೇರದ ಮೆಸ್ಸರ್‌ಶ್ಮಿಟ್ ಪಿ 1101. 1944ರಲ್ಲಿ ಜರ್ಮನ್ ವಾಯುಯಾನ ಸಚಿವಾಲಯವು ಒಂದೇ ಜೆಟ್ ಎಂಜಿನ್ನಿನ ಹೊಸ ಯುದ್ಧವಿಮಾನಕ್ಕಾಗಿ ವಿನ್ಯಾಸಗಳನ್ನು ಕೋರಿದಾಗ ರೂಪುಗೊಂಡ ಈ ಯೋಜನೆಯ ವೈಶಿಷ್ಟ್ಯವಿದ್ದುದು ಅದರ ರೆಕ್ಕೆಗಳಲ್ಲಿ. ಶಬ್ದದ ವೇಗವನ್ನು ಸಮೀಪಿಸುವಾಗ ರೆಕ್ಕೆಯ ಮೇಲೆ ಆಘಾತ ತರಂಗಗಳು ಹುಟ್ಟಿ ಗಾಳಿಯ ಪ್ರತಿರೋಧ ಒಮ್ಮೆಲೇ ಏರುತ್ತದೆ. ರೆಕ್ಕೆಯನ್ನು ಹಿಂದಕ್ಕೆ ಓರೆಯಾಗಿಸಿದರೆ ಆ ಏರಿಕೆಯನ್ನು ಮುಂದೂಡಬಹುದು, ಆದರೆ ಕಡಿಮೆ ವೇಗದಲ್ಲಿ ವಿಮಾನವನ್ನು ನಿಯಂತ್ರಿಸುವುದು ಕಷ್ಟವಾಗುತ್ತದೆ. ಎಷ್ಟು ಓರೆ ಸೂಕ್ತವೆಂಬುದನ್ನು ಹಾರಿಸಿಯೇ ಅರಿಯಲೆಂದು, ನೆಲದ ಮೇಲಿರುವಾಗ ರೆಕ್ಕೆಯ ಕೋನವನ್ನು ಬದಲಿಸಬಹುದಾದ ಮಾದರಿಯೊಂದನ್ನು ಕಟ್ಟಲಾಯಿತು. ಊಹೆಗಿಂತ ಪ್ರಯೋಗವನ್ನು ನಂಬಿದ ಈ ಕ್ರಮ ನನಗೆ ಬಹಳ ಮೆಚ್ಚಿಗೆಯಾದದ್ದು. ಆದರೂ ಮೆಸ್ಸರ್‌ಶ್ಮಿಟ್ ಕಂಪನಿಯು ಸೆರೆಶಿಬಿರಗಳ ಕೈದಿಗಳನ್ನು ದುಡಿಸಿಕೊಂಡಿತ್ತೆಂಬುದನ್ನು ಮರೆತು ಅಲ್ಲಿನ ಕೌಶಲವನ್ನು ಹೊಗಳುವುದು ಸರಿಯಲ್ಲ.

1945ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಸೈನಿಕರು ಬವೇರಿಯದ ಓಬರಾಮರ್ಗೌ ತಲುಪಿದಾಗ ಈ ಮಾದರಿ ಇನ್ನೂ ಅಪೂರ್ಣವಾಗಿತ್ತು. ಅದನ್ನು ಅಮೆರಿಕಕ್ಕೆ ಸಾಗಿಸಿ ನಡೆಸಿದ ಅಧ್ಯಯನವು ಬೆಲ್ ಎಕ್ಸ್-5 ಎಂಬ ಸಂಶೋಧನಾ ವಿಮಾನಕ್ಕೆ ತಳಹದಿಯಾಯಿತು. 1951ರಲ್ಲಿ ಮೊದಲು ಹಾರಿದ ಎಕ್ಸ್-5, ಹಾರುತ್ತಿರುವಾಗಲೇ ತನ್ನ ರೆಕ್ಕೆಗಳ ಓರೆಯನ್ನು 20 ಡಿಗ್ರಿಯಿಂದ 60 ಡಿಗ್ರಿಯವರೆಗೆ ಬದಲಿಸಬಲ್ಲದಾಗಿತ್ತು.