ಬುಷ್ ಹೌಸಿನಿಂದ ಕರಾಚಿಗೆ ಮರಳಿದ ಕಾದಂಬರಿಕಾರ

ಲಂಡನ್ನಿನ ಆಲ್ಡ್‌ವಿಚ್‌ನಲ್ಲಿರುವ ಬುಷ್ ಹೌಸಿನ ಮುಂಭಾಗದಲ್ಲಿ, ಎತ್ತರದ ಕಂಬಗಳ ಮೇಲೆ, ಇಂಗ್ಲಿಷ್ ಮಾತನಾಡುವ ಜನರ ಸ್ನೇಹಕ್ಕೆ ಈ ಕಟ್ಟಡ ಎಂದು ಕೆತ್ತಿದ್ದಾರೆ. ಬಿಬಿಸಿ ವಿಶ್ವಸೇವೆ 2012ರವರೆಗೆ ಇದ್ದದ್ದು ಇಲ್ಲಿಯೇ. ಆ ಕೆತ್ತನೆಯ ಕೆಳಗೆ ಹಾದು ಒಳಹೋದವರು ಉರ್ದು, ಹಿಂದಿ, ತಮಿಳು, ಬಂಗಾಳಿಯಲ್ಲಿ ಸುದ್ದಿ ಓದುತ್ತಿದ್ದರು. ಊರಿನಿಂದ ಬಂದ ನೆಂಟರಿಗೆ ಈ ಕಟ್ಟಡ ತೋರಿಸಿದಾಗಲೆಲ್ಲ ನಾನು ಮೊಹಮ್ಮದ್ ಹನೀಫ್ ಅವರ ಕಥೆ ಹೇಳುತ್ತೇನೆ.

ಹನೀಫ್ ಪಾಕಿಸ್ತಾನಿ ಪಂಜಾಬಿನ ಓಕಾಡಾದವರು. ವಾಯುಪಡೆಯಲ್ಲಿ ಅಧಿಕಾರಿಯಾಗಿದ್ದವರು ಅದನ್ನು ಬಿಟ್ಟು ಪತ್ರಕರ್ತರಾದರು. 1996ರಲ್ಲಿ ಲಂಡನ್ನಿಗೆ ಬಂದು ಬಿಬಿಸಿ ಸೇರಿದರು. ಮುಂದೆ ಉರ್ದು ವಿಭಾಗದ ಮುಖ್ಯಸ್ಥರಾದರು. ಬಿಬಿಸಿಯ ಕೆಲಸ ಉರ್ದುವಿನಲ್ಲಿ ನಡೆದರೂ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಬರೆದರು. 2008ರಲ್ಲಿ ಬಂದ ‘ಎ ಕೇಸ್ ಆಫ್ ಎಕ್ಸ್‌ಪ್ಲೋಡಿಂಗ್ ಮ್ಯಾಂಗೋಸ್’ ಬೂಕರ್‌ನ ಮೊದಲ ಪಟ್ಟಿಗೂ ಏರಿತು. ಪಾಕಿಸ್ತಾನದ ಸರ್ವಾಧಿಕಾರಿ ಜನರಲ್ ಜಿಯಾ ಉಲ್ ಹಕ್ 1988ರ ಆಗಸ್ಟ್ 17ರಂದು ಬಹಾವಲಪುರದ ಬಳಿ ವಿಮಾನ ಬಿದ್ದು ಸತ್ತರಲ್ಲ, ಅದರ ನಿಜವಾದ ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ. ಕಾದಂಬರಿಯಲ್ಲಿ ಹನೀಫ್ ಆ ವಿಮಾನಕ್ಕೆ ಮಾವಿನ ಪೆಟ್ಟಿಗೆಗಳನ್ನು ಏರಿಸಿದರು, ಶಾಪ ಹೊತ್ತ ಕಾಗೆಯೊಂದನ್ನು ಬೆನ್ನಟ್ಟಿಸಿದರು, ಜನರಲ್‌ನ ಹೊಟ್ಟೆಯೊಳಗೆ ಹುಳು ಬಿಟ್ಟರು. ಸೇನೆಯನ್ನು ಒಳಗಿನಿಂದ ಕಂಡವರಿಗೆ ಮಾತ್ರ ಸಾಧ್ಯವಾಗುವ ಬರವಣಿಗೆ ಅದು.

ಅದೇ ವರ್ಷ ಅವರು ಕರಾಚಿಗೆ ಮರಳಿದರು. ಪುಸ್ತಕ ಅಲ್ಲಿಯ ಅಂಗಡಿಗಳಲ್ಲಿ ವರ್ಷಗಟ್ಟಲೆ ಮಾರಾಟವಾಯಿತು; ಯಾರೂ ತಡೆಯಲಿಲ್ಲ. 2019ರಲ್ಲಿ ಕರಾಚಿಯ ಪ್ರಕಾಶನ ಸಂಸ್ಥೆ ಮಕ್ತಬಾ-ಎ-ದಾನಿಯಾಲ್ ಉರ್ದು ಅನುವಾದ ಪ್ರಕಟಿಸಿತು. ಜಿಯಾ ಅವರ ಮಗನಿಂದ ಮಾನನಷ್ಟದ ನೋಟಿಸು ಬಂತು. 2020ರ ಜನವರಿಯಲ್ಲಿ, ಗುಪ್ತಚರ ಸಂಸ್ಥೆಯವರೆಂದು ಹೇಳಿಕೊಂಡ ಕೆಲವರು ಪ್ರಕಾಶಕರ ಕಚೇರಿಗೆ ನುಗ್ಗಿ ಪ್ರತಿಗಳನ್ನು ಹೊತ್ತೊಯ್ದರು ಎಂದು ಹನೀಫ್ ಬಹಿರಂಗವಾಗಿ ಹೇಳಿದರು. ಅದೇ ಕಥೆ, ಅದೇ ಜನರಲ್. ಇಂಗ್ಲಿಷಿನಲ್ಲಿದ್ದಾಗ ಉಳ್ಳವರ ಕಪಾಟಿನಲ್ಲಿತ್ತು; ಉರ್ದುವಿಗೆ ಬಂದರೆ ಸಿಪಾಯಿಯೂ ಓದುತ್ತಾನೆ, ಕ್ಷೌರದಂಗಡಿಯಲ್ಲೂ ಚರ್ಚೆಯಾಗುತ್ತದೆ. ಅಧಿಕಾರದಲ್ಲಿರುವವರು ಹೆದರುವುದು ಆ ಓದುಗರಿಗೇ ಎಂದು ನನಗೆ ಖಂಡಿತವಾಗಿ ಅನಿಸುತ್ತದೆ.

ಇಲ್ಲಿ ಲಂಡನ್ನಿನ ಕನ್ನಡಿಗರಲ್ಲಿ ಹಲವರು, ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ ಎಂದು ಕೇಳುವುದುಂಟು. 2017ರಲ್ಲಿ ಬಿಬಿಸಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆಗಳನ್ನು ಆರಂಭಿಸಿದಾಗ ಕನ್ನಡ ಸೇರಲಿಲ್ಲ. ಆ ನೋವು ನನಗಿನ್ನೂ ಇದೆ. ಹಾಗೆ ಕೇಳುವವರಿಗೆ ನಾನು ಕರಾಚಿಯ ದಾಳಿಯ ಸಂಗತಿ ಹೇಳುತ್ತೇನೆ. ಹನೀಫ್ ಅವರಂತೂ ಊರಿಗೆ ಮರಳಿದ ಮೇಲೂ ಬಿಬಿಸಿಗೆ ಉರ್ದು ಅಂಕಣ ಬರೆದರು, ತಮ್ಮ ಮನೆಮಾತಾದ ಪಂಜಾಬಿಯಲ್ಲೂ ರಾಜಕೀಯ ಮಾತನಾಡತೊಡಗಿದರು.